ಪಾರಿವಾಳದ ಕಾಲಿನ ಕಾಡಿಗೆ ಬಳೆ

೨೦೨೪ನೇ ಇಸವಿ ಫೆಬ್ರವರಿ ೧೧, ಭಾನುವಾರ. ಶೋಭಕೃತು ಸಂವತ್ಸರದ ಮಾಘ ಶುದ್ಧ ಬಿದಿಗೆ. ಆಧಾರ: ನನ್ನ ಹೆಂಡತಿ ಸರೋಜಳ ಮೊಬೈಲಿನಲ್ಲಿರುವ ಒಂದು ಛಾಯಾಚಿತ್ರದ ತಾರೀಖು. ಅದನ್ನು ತಾಳೆ ನೋಡಲು ಆ ವರ್ಷದ ಗೋಡೆ ಕ್ಯಾಲೆಂಡರನ್ನು ಅಟ್ಟದಿಂದ ಇಳಿಸಿದೆ. ಎರಡೂ ಒಪ್ಪುತ್ತವೆ. ಆ ದಿನ ಬೆಳಿಗ್ಗೆ, ಚನ್ನಪಟ್ಟಣದ ನಮ್ಮ ಮನೆಯ ತಾರಸಿಯ ಮೇಲೆ, ಎರಡು ಪಾರಿವಾಳದ ಮರಿಗಳ ಕಾಲಿಗೆ ಗುರುತಿನ ಬಳೆಗಳನ್ನು ತೊಡಿಸಲಾಯಿತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆ ಏಕೆಂದು ನೀವು ಕೇಳಬಹುದು. ನನ್ನ ವೃತ್ತಿಜೀವನವೆಲ್ಲ ಶಿಲಾಶಾಸನಗಳ ಕಾಲನಿರ್ಣಯದಲ್ಲಿ ಕಳೆಯಿತು. ತೇದಿಯಿಲ್ಲದ ಮಾತು ನನ್ನ ಕಿವಿಗೆ ಉಪ್ಪಿಲ್ಲದ ಸಾರಿನಂತೆ. ನಮ್ಮ ಮದುವೆಯ ಕರೆಯೋಲೆಯಲ್ಲಿ ಅಚ್ಚಾಗಿದ್ದ ತಿಥಿಗೂ ವಾರಕ್ಕೂ ಹೊಂದಿಕೆಯಿಲ್ಲವೆಂದು ಮಾವನವರಿಗೆ ಕಾಗದ ಬರೆದವನು ನಾನು. ಕನಕಪುರದ ಸರೋಜಳ ತವರಿನಲ್ಲಿ ಆ ಕಾಗದವನ್ನು ಈಗಲೂ ಹಬ್ಬಕ್ಕೊಮ್ಮೆ ಯಾರಾದರೂ ನೆನಪಿಸುತ್ತಾರೆ. ಮದುವೆ ಬೇಡವೆನ್ನಲು ಹುಡುಗ ಹೂಡಿದ ಉಪಾಯವಿರಬೇಕೆಂದು ಮಾವನವರು ಗಾಬರಿಯಾಗಿದ್ದರಂತೆ. ನನಗೆ ಹುಡುಗಿಯ ಬಗ್ಗೆ ತಕರಾರಿರಲಿಲ್ಲ. ಬಿದಿಗೆಯ ಬಗ್ಗೆ ಮಾತ್ರ ಇತ್ತು.

ಈ ನೆನಪುಗಳನ್ನೆಲ್ಲ ಎಬ್ಬಿಸಿದ್ದು ಒಂದು ಸದ್ದು. ತಾರಸಿಯ ಕೋಣೆಯಲ್ಲಿ ಕುಳಿತು ನಾನು ಹಳೆಯ ಟಿಪ್ಪಣಿಗಳನ್ನು ತಿರುವುತ್ತಿರುವಾಗ, ಹೊರಗೆ ಸ್ಟೀಲಿನ ಬಟ್ಟಲ ಅಂಚಿನ ಮೇಲೆ ಕುಳಿತು ಜೋಳ ಹೆಕ್ಕುವ ಒಂದು ಪಾರಿವಾಳದ ಕಾಲಿನ ಬಳೆ ಬಟ್ಟಲಿಗೆ ತಗಲಿ ಟಿಕ್ಕೆನ್ನುತ್ತದೆ. ಮರದ ಬಳೆ, ಆದ್ದರಿಂದ ಮೆತ್ತಗಿನ ಸದ್ದು. ಯಾರೋ ಸಂಕೋಚದಿಂದ ಬಾಗಿಲು ತಟ್ಟಿದ ಹಾಗೆ. ಪ್ರತಿ ಸಲವೂ ನಾನು ತಲೆಯೆತ್ತಿ, ಯಾರು ಎಂದು ಕೇಳಬೇಕೆನ್ನುವಷ್ಟರಲ್ಲಿ ನೆನಪಾಗುತ್ತದೆ.

ಗುರುತು ಕಟ್ಟುವ ವಿದ್ಯೆಯನ್ನು ನಾನು ಮೊದಲು ಕಂಡದ್ದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ನನ್ನ ತಾಯಿಯ ತವರಿನಲ್ಲಿ. ಅಲ್ಲಿ ಬಳೆಗಳಿರಲಿಲ್ಲ, ಹಳೆಯ ಸೀರೆಯ ಅಂಚನ್ನು ಸೀಳಿ ಕೋಳಿಗಳ ಕಾಲಿಗೆ ಕಟ್ಟುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಬಣ್ಣ. ಬೀದಿಯ ಹೆಂಗಸರ ಕಪಾಟಿನಲ್ಲಿ ಯಾವ ಸೀರೆ ಹರಿಯಿತು ಎಂಬುದನ್ನು ತಿಪ್ಪೆಯ ಮೇಲೆ ಕೆದಕುತ್ತಿದ್ದ ಕೋಳಿಗಳ ಕಾಲು ನೋಡಿ ಹೇಳಬಹುದಾಗಿತ್ತು. ಒಂದು ವರ್ಷ (ಯಾವ ವರ್ಷವೆಂದು ನಿರ್ಧರಿಸಲು ಸಾಕ್ಷ್ಯ ಸಾಲದು) ಸೋಲೂರಿನ ಕಡೆಯಿಂದ ಬಂದ ಜವಳಿಯವನೊಬ್ಬ ನಮ್ಮ ಅಜ್ಜಿಗೂ ಎದುರು ಮನೆಯ ಪುಟ್ಟಮ್ಮನಿಗೂ ಒಂದೇ ನೇರಳೆ ಅಂಚಿನ ಸೀರೆ ಮಾರಿ ಹೋದ. ಇಬ್ಬರೂ ಅದನ್ನು ಹೆಚ್ಚೂಕಡಿಮೆ ಒಟ್ಟಿಗೇ ಹರಿದರು. ಆಮೇಲಿನ ಜಗಳವನ್ನು ವರ್ಣಿಸುವ ಶಕ್ತಿ ಗ್ರಂಥಸ್ಥ ಕನ್ನಡಕ್ಕಿಲ್ಲ. ಮಾತು ಮುಗಿಯದಿದ್ದಾಗ ಅಜ್ಜಿ ಸೊಂಟಕ್ಕೆ ಕೈಯಿಟ್ಟು, "ಬುಡೇ ಪುಟ್ಟಮ್ಮ, ಹೊತ್ತು ಮುಳುಗ್ಲಿ. ಕೋಳಿಗೆ ಮನೆ ಗೊತ್ತೈತೆ, ಮನೆಗೆ ಕೋಳಿ ಗೊತ್ತಿಲ್ಲ ಅಷ್ಟೇಯ" ಅಂದರು. ಸಂಜೆ ಕೋಳಿಗಳು ಯಾರ ಸಲಹೆಯನ್ನೂ ಕೇಳದೆ ತಂತಮ್ಮ ಬುಟ್ಟಿಯ ಕೆಳಗೆ ಹೋಗಿ ಕುಳಿತವು. ಒಂದು ಮಾತ್ರ, ಎಲ್ಲರ ಪ್ರಕಾರ ಅಜ್ಜಿಯದೇ ಆದದ್ದು, ಪುಟ್ಟಮ್ಮನ ಬುಟ್ಟಿಗೆ ಹೋಯಿತು. ಅಜ್ಜಿ ಅದನ್ನು ನೋಡಿಯೂ ನೋಡದವರಂತೆ ದೀಪ ಹಚ್ಚಲು ಒಳಗೆ ಹೋದರು. ನನಗೆ ಆಗ ಅದು ಅನ್ಯಾಯವೆನಿಸಿತ್ತು.

ಪಾರಿವಾಳಗಳು ಸರೋಜಳ ಹವ್ಯಾಸ. ನಾನು ನಿವೃತ್ತನಾದ ಮೇಲೆ, ಮನೆಯಲ್ಲಿ ಮಾತನಾಡಲು ಯಾರಾದರೂ ಬೇಕೆಂದು ಆಕೆ ಒಂದು ಜೋಡಿಯನ್ನು ತಂದಳು. ಮನೆಯಲ್ಲಿ ನಾನಿದ್ದೇನಲ್ಲ ಎಂದದ್ದಕ್ಕೆ, ಅದಕ್ಕೇ ಬೇಕು ಎಂದಳು. ಕೊಟ್ಟವರು ನಮ್ಮ ಹಿಂದಿನ ಬೀದಿಯ ಬಾಬಾಜಾನ್. ಅವರದು ಹಾಲೆ ಮರವನ್ನು ಲೇತಿನಲ್ಲಿ ಕಡೆದು, ಅರಗಿನ ಬಣ್ಣವೇರಿಸಿ ಆಟಿಕೆ ಮಾಡುವ ಮನೆತನ. ಕೆಳಗೆ ಲೇತು, ಮೇಲೆ ಪಾರಿವಾಳದ ಗೂಡು. ಅವರ ಹಿಂಡು ಮಧ್ಯಾಹ್ನ ಬಿಸಿಲಿಗೆ ಎದ್ದು ಊರಿನ ಮೇಲೆ ಸುತ್ತು ಹಾಕುವಾಗ, ನಮ್ಮ ಬೀದಿಯ ಮೇಲೆ ಯಾರೋ ಬಿಳಿಯ ಚಾದರ ಕೊಡವಿದಂತೆ ಕಾಣುತ್ತದೆ.

ಆ ಜೋಡಿಗೆ ಮೊದಲು ಹುಟ್ಟಿದ ಮರಿಗೆ ಸರೋಜ ಮಲ್ಲಿಗೆ ಎಂದು ಹೆಸರಿಟ್ಟಳು. ಮಲ್ಲಿಗೆ ರೆಕ್ಕೆ ಬಲಿತ ಕೆಲವೇ ದಿನಗಳಲ್ಲಿ ಬಾಬಾಜಾನರ ಹಿಂಡಿನ ಜೊತೆ ಎದ್ದು, ಅವರ ತಾರಸಿಯಲ್ಲೇ ಇಳಿಯಿತು. ಪಾರಿವಾಳ ಸಾಕುವವರಲ್ಲಿ ಒಂದು ಕಟ್ಟಳೆಯಿದೆ: ಇಳಿದ ಹಕ್ಕಿ ಇಳಿದ ಮನೆಯದು, ಗುರುತು ತೋರಿಸಿದರೆ ಮಾತ್ರ ಗುರುತಿನವರದು. ಸರೋಜ ಹೋಗಿ ಕೇಳಿದಳು. ಬಾಬಾಜಾನ್ ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿ, ಗುರುತೇನೆಂದು ವಿಚಾರಿಸಿದರು. ನಡಿಗೆ ಎಂದಳು ಈಕೆ. ಅವರು ಸಿಳ್ಳೆ ಹಾಕಿ ಇಡೀ ಹಿಂಡನ್ನು ಇಳಿಸಿದರು. ಎಲ್ಲವೂ ಒಂದೇ ವಂಶದವು. ಎಲ್ಲವೂ ಸೀಮೆಗೆಲ್ಲ ತಾವೇ ಜಮೀನ್ದಾರರೆಂಬಂತೆ ಒಂದೇ ರೀತಿ ನಡೆದವು.

"ಯಾವ್ದಾರ ಒಂದು ಹಿಡ್ಕೊಂಡೋಗಿ ಅಮ್ಮಾ, ನಂದೇನೂ ಅಭ್ಯಂತ್ರ ಇಲ್ಲ" ಎಂದರಂತೆ ಬಾಬಾಜಾನ್.

"ಯಾವ್ದೋ ಒಂದು ಹೆಂಗೆ ನಂದಾಯ್ತದೆ?" ಎಂದು ಸರೋಜ ಬರಿಗೈಯಲ್ಲಿ ಬಂದಳು.

ಆ ರಾತ್ರಿಯ ಊಟದಲ್ಲಿ ನನ್ನ ಪಾಲಿಗೆ ಬಂದದ್ದನ್ನು ಸಂಕ್ಷೇಪಿಸುತ್ತೇನೆ. ಸತ್ತು ಮಣ್ಣಾದ ಅರಸರು ಯಾವ ವಾರ ದಾನ ಕೊಟ್ಟರೆಂದು ಹೇಳಬಲ್ಲ ಗಂಡನಿಗೆ, ಬದುಕಿರುವ ಒಂದು ಹಕ್ಕಿ ಯಾರದೆಂದು ಹೇಳಲು ಬರುವುದಿಲ್ಲ ಎಂಬುದು ತಾತ್ಪರ್ಯ. ಮುಂದಿನ ಮರಿಗಳಾದರೂ ಪ್ರಶ್ನಾತೀತವಾಗಿ ತನ್ನವಾಗಬೇಕು. ಅದಕ್ಕೆ ಏನು ಬೇಕೋ ನಾನು ಮಾಡಬೇಕು. ಸರೋಜ ಅಷ್ಟು ಗಟ್ಟಿಯಾಗಿ ಏನನ್ನಾದರೂ ಕೇಳಿದ್ದು ನಮ್ಮ ದಾಂಪತ್ಯದಲ್ಲಿ ಅಪರೂಪ.

ಆಗ ನನಗೆ ಹೊಳೆದದ್ದು ತಾಮ್ರಪಟಗಳು. ಬಲ್ಲವರಿಗೆ ಗೊತ್ತು: ದಾನಪತ್ರದ ತಾಮ್ರದ ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳು ಕೂಡುವಲ್ಲಿ ಮುದ್ರೆ ಒತ್ತಿರುತ್ತಾರೆ. ಪಟ ಕೈಗೆ ಬಂದಾಗ ನಾವು ಓದುವ ಮೊದಲು ನೋಡುವುದು ಬಳೆಯನ್ನು. ಬಳೆ ಅಖಂಡವಾಗಿದ್ದರೆ ಯಾರೂ ನಡುವೆ ಹಲಗೆ ಸೇರಿಸಿಲ್ಲವೆಂದು ಅರ್ಥ. ಕತ್ತರಿಸಿದ್ದರೆ ಅನುಮಾನ ಶುರು. ಹಕ್ಕಿಯ ಕಾಲಿಗೆ ಹಾಕುವ, ಎಲ್ಲೂ ಬಾಯಿಲ್ಲದ ಮುಚ್ಚುಬಳೆಯೂ ಅಂಥದೇ. ಮರಿ ಸುಮಾರು ಒಂದು ವಾರದ್ದಿರುವಾಗ ಮಾತ್ರ ಅದು ಪಾದದ ಮೇಲೆ ಏರುತ್ತದೆ. ಮೊದಲೇ ಹಾಕಿದರೆ ಜಾರಿ ಬೀಳುತ್ತದೆ. ತಡವಾದರೆ ಪಾದ ಬೆಳೆದು ಒಳಗೇ ಹೋಗುವುದಿಲ್ಲ. ಒಮ್ಮೆ ಏರಿ ಕಾಲು ಬಲಿತ ಮೇಲೆ ಕತ್ತರಿಸದೆ ತೆಗೆಯುವಂತಿಲ್ಲ. ಅಂದರೆ ಅಖಂಡ ಬಳೆಯಿರುವ ಹಕ್ಕಿ ತನ್ನ ಬಾಲ್ಯದ ಶಾಸನವನ್ನು ತಾನೇ ಹೊತ್ತು ಹಾರುತ್ತದೆ. ಇದನ್ನು ನಾನು ಸರೋಜಳಿಗೆ ವಿವರಿಸಿದಾಗ, ಮೊದಲ ಸಲ ನನ್ನ ವಿದ್ಯೆಗೆ ಆಕೆ ತಲೆದೂಗಿದಳು.

ಬಳೆ ಹುಡುಕಿಕೊಂಡು ರಾಮನಗರಕ್ಕೆ ಹೋದೆ. ಅಲ್ಲಿನ ಒಂದು ಅಂಗಡಿಯವನು ನನಗೆ ಪಂಜರ, ಮೀನಿನ ತೊಟ್ಟಿ, ನಾಯಿಯ ಶಾಂಪೂ ಎಲ್ಲವನ್ನೂ ತೋರಿಸಿದ. ಹಕ್ಕಿಯ ಕಾಲಿಗೆ ಬಳೆ ಎಂದಾಗ, ಯಜಮಾನರೇ ಇದು ಹರಕೆಯೇ ಎಂದು ಮೃದುವಾಗಿ ಕೇಳಿದ. ನಾನು ಬಳೆ ಸಿಗದೆ ವಾಪಸು ಬಂದ ಸುದ್ದಿ ಬಾಬಾಜಾನರಿಗೆ ಹೇಗೋ ತಲುಪಿತು. ತಮ್ಮ ವಿರುದ್ಧವೇ ಬಳಕೆಯಾಗಲಿರುವ ಪುರಾವೆಯನ್ನು ತಾವೇ ಕಡೆದುಕೊಡುವುದಾಗಿ ಹೇಳಿ ಕಳಿಸಿದರು. ಒಂದೇ ಕೋಲಿನಿಂದ ಮೂರು ಬಳೆಗಳನ್ನು ತೆಗೆದರು: ಎರಡು ನಮಗೆ, ಮೂರನೆಯದು ಅವರ ಗೂಡಿನಲ್ಲಿ ಅದೇ ವಾರ ಹುಟ್ಟಿದ ಮರಿಗೆ. ಕೈಚಳಕದಲ್ಲಿ ಅವರು ಚನ್ನಪಟ್ಟಣದವರೇ ಸರಿ. ತೆಳ್ಳಗಿನ ಆ ಬಳೆಗಳಿಗೂ ಬುಗುರಿಗೆ ಹಾಕುವಂಥ ಥಳಥಳಿಸುವ ಅರಗು ಹಾಕಿದ್ದರು. ನಮ್ಮ ಮರಿಗಳಿಗೆ ಬಂದವು ಒಂದು ಹಸಿರು, ಒಂದು ಹಳದಿ.

ಹಾಗೆ ಬಂತು ಆ ಭಾನುವಾರ. ನಾನು ಮರಿಯನ್ನು ಹಿಡಿದಿದ್ದೆ. ವಾರದ ಪಾರಿವಾಳದ ಮರಿಯನ್ನು ಸುಂದರವೆಂದು ಕರೆಯುವವರು ಅದರ ತಾಯಿತಂದೆಗಳು ಮಾತ್ರ. ಹಳದಿ ನವಿರು, ಉಬ್ಬಿದ ಕಣ್ಣು, ಮುಖಕ್ಕೆ ಹೊಂದದ ಮೂಗು. ಅಂಗೈಯಲ್ಲಿಟ್ಟುಕೊಂಡರೆ ಈಗಷ್ಟೇ ಬೆಂದ ಗೆಣಸಿನ ಬಿಸಿ. ಸರೋಜ ಬೆರಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು, ಬಳೆಗಾರ್ತಿಯರು ಮಾಡುವಂತೆ ಮರಿಯ ಪಾದವನ್ನು ಒಮ್ಮೆ ಮೆಲ್ಲಗೆ ಅದುಮಿದಳು. ಮುಂದಿನ ಮೂರು ಬೆರಳುಗಳನ್ನು ಒಟ್ಟುಗೂಡಿಸಿ ಬಳೆಯೊಳಗೆ ತೂರಿಸಿದಳು. ಹಿಂಬೆರಳನ್ನು ಕಾಲಿಗೆ ಒತ್ತಿ ಹಿಡಿದು ಬಳೆಯನ್ನು ಮೇಲಕ್ಕೆ ಜಾರಿಸಿದಳು. ಕೊನೆಗೆ ಬೆಂಕಿಕಡ್ಡಿಯ ತುದಿಯಿಂದ ಹಿಂಬೆರಳನ್ನು ಬಳೆಯ ಕೆಳಗಿಂದ ಬಿಡಿಸಿದಳು. ಮದುವೆಮನೆಗಳಲ್ಲಿ ನೂರಾರು ಕೈಗಳಿಗೆ ಬಳೆ ತೊಡಿಸಿದ ಅನುಭವ ಎಲ್ಲಿ ಬಂದು ಉಪಯೋಗಕ್ಕೆ ಬಿತ್ತು ನೋಡಿ. ಮರಿ ಚೀಂ ಎಂದದ್ದು ಒಂದೇ ಸಲ, ಅದೂ ನಾನು ಬಿಗಿಯಾಗಿ ಹಿಡಿದದ್ದಕ್ಕೆ. ಕನಕಪುರದ ತಂಗಿಗೆ ಕಳಿಸಲೆಂದು ಸರೋಜ ಫೋಟೊ ತೆಗೆದಳು. ನಮಗೆಲ್ಲ ನಾಮಕರಣ ಮುಗಿಸಿದ ಸಡಗರ.

ಸಡಗರ ಮಧ್ಯಾಹ್ನದವರೆಗೆ ಉಳಿಯಿತು. ಆಮೇಲೆ ನೋಡಿದರೆ ಸಣ್ಣ ಮರಿ ಗೂಡಿನ ಹೊರಗೆ, ಇಟ್ಟಿಗೆಯ ಮೇಲೆ ಬಿದ್ದಿದೆ. ಎತ್ತಿ ಒಳಗಿಟ್ಟೆವು. ತಾಯಿ ಪಾರಿವಾಳ ಬಳೆಯನ್ನು ಕುಕ್ಕಿ, ಎಳೆದು, ಬಳೆಯ ಜೊತೆ ಮರಿಯನ್ನೂ ಅಂಚಿಗೆ ತಂದು ಮತ್ತೆ ತಳ್ಳಿತು. ಗೂಡಿನಲ್ಲಿ ಹೊಳೆಯುವ ಹೊಸ ವಸ್ತು ಕಂಡರೆ ಹಕ್ಕಿಗಳು ಅದನ್ನು ಕಸವೆಂದು ಎಸೆಯುತ್ತವೆ ಎಂದು ಪಂಜರದ ಪುಟ್ಟ ಹಕ್ಕಿಗಳ ಬಗ್ಗೆ ಎಲ್ಲೋ ಓದಿದ್ದೆ. ಪಾರಿವಾಳಗಳು ಹಾಗೆ ಮಾಡುವುದಾಗಿ ನಾನು ಓದಿರಲಿಲ್ಲ. ನಮ್ಮ ಪಾರಿವಾಳವೂ ಓದಿರಲಿಲ್ಲ. ಆಟಿಕೆಯ ಊರಿನಲ್ಲಿ ಆಟಿಕೆಯಂತೆ ಹೊಳೆಯುವ ಬಳೆ ಮಾಡಿಸಿದ್ದು ನಮ್ಮ ತಪ್ಪು. ಬೇರೆ ಊರಿನಲ್ಲಾಗಿದ್ದರೆ ಯಾವುದೋ ಬೂದು ತಗಡಿನ ಬಳೆ ಸಿಕ್ಕಿ, ಈ ಪ್ರಬಂಧವೇ ಇರುತ್ತಿರಲಿಲ್ಲ.

ಸರೋಜ ಊಟಕ್ಕೆ ಕೂರಲಿಲ್ಲ. ನಾನು ಬಾಬಾಜಾನರನ್ನು ಕರೆತಂದೆ. ಅವರು ಮರಿಯನ್ನು ಕಿವಿಯ ಹತ್ತಿರ ಹಿಡಿದು ಕೇಳಿ, ಜೀವ ಗಟ್ಟಿಯಿದೆ, ಆದರೆ ತಾಯಿ ಸೇರಿಸದಿದ್ದರೆ ಬೆಳಗಿನವರೆಗೆ ಕಷ್ಟ ಎಂದರು. ಜೇಬಿನಿಂದ ಸಣ್ಣ ಕಟರ್ ತೆಗೆದು ಸರೋಜಳ ಕಡೆ ನೋಡಿದರು.

"ಕತ್ರಿಸ್ಬುಟ್ರೆ ನಿಮ್ ಪುರಾವೆ ಹೋಯ್ತದೆ ಅಮ್ಮಾ. ಆಮೇಲೆ ನಾನು ಕೊಡಾಕಿಲ್ಲ, ನೋಡ್ಕಳಿ."

"ಪುರಾವೆ ಮನೆ ಹಾಳಾಗ್ಲಿ, ಕತ್ರಿಸಿ" ಎಂದಳು ಸರೋಜ. ಕಟರ್ ಬಳೆಯ ಹತ್ತಿರ ಹೋಯಿತು. "ಒಸಿ ತಡೀರಿ" ಎಂದು ಆಕೆಯೇ ತಡೆದು ಒಳಗೆ ಹೋದಳು.

ಬಂದದ್ದು ಕಾಡಿಗೆಯ ಡಬ್ಬಿ ಹಿಡಿದು. ಹರಳೆಣ್ಣೆಯ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆ. ನಂಟರ ಮನೆಯ ಕೂಸುಗಳಿಗೆಲ್ಲ ಅದರಿಂದಲೇ ಬೊಟ್ಟು. ಕಿರುಬೆರಳಿನಿಂದ ತೆಗೆದು ಬಳೆಯ ಸುತ್ತ ಹಚ್ಚಿ, ಹೊಳಪು ಹೋಗುವವರೆಗೆ ತೀಡಿದಳು. ದೊಡ್ಡ ಮರಿಯ ಬಳೆಗೂ ಹಚ್ಚಿದಳು. ಲೋಕದ ಕಣ್ಣು ತಾಗದಿರಲೆಂದು ಕೂಸಿಗೆ ಕಾಡಿಗೆ ಹಚ್ಚುವುದನ್ನು ಕಂಡಿದ್ದೇನೆ. ತಾಯಿಯ ಕಣ್ಣು ತಾಗದಿರಲೆಂದು ಹಚ್ಚಿದ್ದನ್ನು ಅಂದೇ ಕಂಡದ್ದು. ಮರಿಯನ್ನು ಗೂಡಿನಲ್ಲಿಟ್ಟು ಮೂವರೂ ನೀರಿನ ತೊಟ್ಟಿಯ ಹಿಂದೆ ಬಗ್ಗಿ ಕುಳಿತೆವು. ತಾಯಿ ಬಂದಿತು. ಒಂದು ಕಣ್ಣಿನಿಂದ ನೋಡಿತು. ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಕಾಲು ಕುಕ್ಕಲಿಲ್ಲ. ರೆಕ್ಕೆ ಸಡಿಲಿಸಿ, ಎರಡು ಮರಿಗಳ ಮೇಲೂ ಉಸ್ಸೆಂದು ಕುಳಿತುಕೊಂಡಿತು. ಬಾಬಾಜಾನ್ ತೊಟ್ಟಿಯ ಹಿಂದಿನಿಂದ ಏಳಲಾರದೆ ಮಂಡಿ ಹಿಡಿದುಕೊಂಡು ನಗುತ್ತಿದ್ದರು. ಹೋಗುವಾಗ ತಮ್ಮ ಮನೆಯ ಮರಿಯ ಬಳೆಗೂ ಇರಲೆಂದು ಒಂದು ಬೆರಳು ಕಾಡಿಗೆಯನ್ನು ವೀಳ್ಯದೆಲೆಗೆ ಒರೆಸಿಕೊಂಡು ಹೋದರು.

ಸಣ್ಣ ಮರಿಗೆ ಕಾಡಿಗೆ ಎಂದೇ ಹೆಸರಾಯಿತು. ದೊಡ್ಡದು ಗುಂಡ, ತಿನ್ನುವುದರ ಹೊರತು ಅವನ ಬಾಲ್ಯದಲ್ಲಿ ಉಲ್ಲೇಖನೀಯವಾದದ್ದೇನೂ ಇಲ್ಲ. ಕಾಡಿಗೆ ಮಾತ್ರ ಸರೋಜಳ ಹೆಗಲ ಮೇಲೆಯೇ ಬೆಳೆಯಿತು. ಆಕೆ ಒಣಗಲು ಹಾಕಿದ ಬಟ್ಟೆಯ ಕ್ಲಿಪ್ಪುಗಳನ್ನು ಎಳೆಯುವುದು, ಕಿವಿಯ ಓಲೆ ಕಚ್ಚುವುದು ಅದರ ಚಟ.

ಆ ಬೇಸಿಗೆಯಲ್ಲಿ, ಇತಿಹಾಸ ಮರುಕಳಿಸುತ್ತದೆಂಬ ಮಾತಿಗೆ ಪುಷ್ಟಿ ಕೊಡಲೆಂಬಂತೆ, ಕಾಡಿಗೆಯೂ ಬಾಬಾಜಾನರ ಹಿಂಡಿನ ಜೊತೆ ಎದ್ದಿತು, ಸಂಜೆ ಮರಳಲಿಲ್ಲ. ಸರೋಜ ಈ ಸಲ ಅಳಲಿಲ್ಲ. ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆಯುಟ್ಟು, ನನ್ನನ್ನು ಸಾಕ್ಷಿಯಾಗಿ ಕರೆದುಕೊಂಡು ಹೊರಟಳು. ಬಾಬಾಜಾನರ ತಾರಸಿಯಲ್ಲಿ ಹಿಂಡು ಕಾಳು ತಿನ್ನುತ್ತಿತ್ತು. ಅಂಚಿನಲ್ಲಿ ಒಂದು ಎಳೆಯ ಹಕ್ಕಿ. ಕಾಲಿನಲ್ಲಿ ಕಪ್ಪು ಬಳೆ. ಆಕೆ ಕೈಚಾಚಿದಳು, ಅದು ಹಿಡಿಸಿಕೊಂಡಿತು.

"ನೋಡಿ" ಎಂದಳು, ಬಳೆಯನ್ನು ಅವರ ಮುಖದ ಹತ್ತಿರ ಹಿಡಿದು. "ಇದೇ ಕಾಡ್ಗೆ. ಈಗೇನಂತೀರಿ?"

ಬಾಬಾಜಾನ್ ಹಕ್ಕಿಯನ್ನು ನೋಡಿದರು. ಆಕೆಯ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. "ನಿಮ್ದೇಯ ಅಮ್ಮಾ. ಕಾಲಲ್ಲೇ ಐತಲ್ಲ, ನಾನೇನನ್ಲಿ?"

ನಮ್ಮ ಬೀದಿಯಲ್ಲಿ ಅಂದು ಸರೋಜ ನಡೆದ ನಡಿಗೆಯನ್ನು ಆ ಹಿಂಡಿನ ಯಾವ ಹಕ್ಕಿಯೂ ಸರಿಗಟ್ಟಲಾರದು. ನಾನೂ ಒಂದಿಷ್ಟು ಎದೆಯುಬ್ಬಿಸಿದ್ದೆ. ಅಖಂಡ ಬಳೆಯ ತತ್ತ್ವ ಗೆದ್ದಿತ್ತು. ಕೆಲವು ದಿನ ಹಕ್ಕಿ ಮಂಕಾಗಿತ್ತು, ಓಲೆ ಕಚ್ಚುತ್ತಿರಲಿಲ್ಲ. ಆಮೇಲೆ ಬುದ್ಧಿ ಬಂದಿದೆ ಎಂದು ಸರೋಜ ತೀರ್ಮಾನಿಸಿದಳು. ಗೂಡು ತೆರೆದಿಟ್ಟರೂ ಮತ್ತೆಂದೂ ಬಿಟ್ಟು ಹೋಗಲಿಲ್ಲ. ಮೊದಲ ಮಳೆಗೆ ಕಾಡಿಗೆಯ ಕಪ್ಪು ಕರಗಿ ಬಳೆಯ ಹಳದಿ ಹೊರಬಂತು. "ಹಳದಿ ನಾನೇ ಆರಿಸಿದ್ದು, ಅರಿಸಿನದ ದಾರದ ಹಂಗೆ ಇರ್ಲಿ ಅಂತ" ಎಂದಳು. ಹೌದೆಂದು ನಾನೂ ಒಪ್ಪಿದೆ; ನನಗೂ ಸ್ಪಷ್ಟವಾಗಿ ನೆನಪಿತ್ತು.

ಇಲ್ಲಿಯವರೆಗೆ ಬರೆದು ಮುಗಿಸಿ, ಪ್ರಬಂಧದ ಮೊದಲ ಸಾಲಿನ ತೇದಿಗೆ ಆಧಾರವಾದ ಆ ಛಾಯಾಚಿತ್ರವನ್ನು ನಿನ್ನೆ ಮತ್ತೊಮ್ಮೆ ತೆರೆದೆ. ತೇದಿ ಸಿಕ್ಕೊಡನೆ ಶಾಸನದ ಉಳಿದ ಸಾಲುಗಳನ್ನು ಓದದೆ ಬಿಡುವ ರೋಗ ನನ್ನ ವೃತ್ತಿಯವರಿಗಿದೆ. ನಾನು ಅಲ್ಲಿಯವರೆಗೆ ತಾರೀಖನ್ನು ಮಾತ್ರ ನೋಡಿದ್ದೆ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದೆ. ನನ್ನ ಅಂಗೈ, ಅದರಲ್ಲಿ ಸಣ್ಣ ಮರಿ, ಅದರ ಕಾಲಿನಲ್ಲಿ ಬಳೆ. ಬಳೆ ಕೆಂಪಗಿತ್ತು. ಪಕ್ಕದಲ್ಲಿ ಗುಂಡ; ಅವನದು ಹಸಿರು. ಹಳದಿ ಎಲ್ಲಿಯೂ ಇರಲಿಲ್ಲ. ಮೇಲೆ ನಾನು ಹಳದಿ ಎಂದು ಬರೆದಿರುವುದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ನೆನಪು ಎಂಬ ಗ್ರಂಥದ ಪಾಠ ಅದು.

ಮೊಬೈಲು ಹಿಡಿದು ನೇರ ಹಿಂದಿನ ಬೀದಿಗೆ ಹೋದೆ. ಬಾಬಾಜಾನ್ ಲೇತು ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ಚಿತ್ರ ನೋಡಿದರು. ಆಶ್ಚರ್ಯದ ಲಕ್ಷಣವೇ ಇಲ್ಲ. ಹಳದಿ ಅವರ ಮನೆಯ ಮರಿಯದೆಂದು ಅವರಿಗೆ ಅಂದೇ ಗೊತ್ತಿತ್ತಂತೆ.

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ಏನೇಳ್ಲಿ ಸಾರ್? ಅಮ್ಮನ ಮಕ ನೋಡುದ್ರಾ ನೀವು? ಮಲ್ಲಿಗೆ ಬ್ಯಾರೆ ನಮ್ತಾವೇ ಐತೆ. ಯಾವ್ದು ಅಂತ ನಂಗೂ ಗೊತ್ತಿಲ್ಲ, ಅದೊಂದು ಮನ್ಸಲ್ಲಿತ್ತು." ಆಮೇಲೆ ತಾರಸಿಯ ಕಡೆ ಕತ್ತೆತ್ತಿ, "ನಿಮ್ ಕೆಂಪ್ನೋನು ಮ್ಯಾಲವ್ನೆ. ಹೆಂಡ್ತಿ ಮಕ್ಳು ಎಲ್ಲಾ ಆಗವ್ರೆ. ಕರ್ಕೊಂಡೋಗ್ತೀರಾ?" ಎಂದು ನಕ್ಕರು.

ಆಗ ನೆನಪಾಯಿತು. ಈ ಎರಡು ವರ್ಷದಲ್ಲಿ ಸರೋಜ ಅವರ ಮನೆಗೆ ಹೋದಾಗಲೆಲ್ಲ ಒಂದು ಹಕ್ಕಿ ಹಿಂಡು ಬಿಟ್ಟು ಇಳಿದು ಆಕೆಯ ಹೆಗಲ ಮೇಲೆ ಕುಳಿತು ಓಲೆ ಕಚ್ಚುತ್ತಿತ್ತು. ನಿಮ್ಮ ಹಕ್ಕಿಗೆ ಮರ್ಯಾದೆಯೇ ಕಲಿಸಿಲ್ಲ ಎಂದು ಆಕೆ ಬಾಬಾಜಾನರನ್ನು ಛೇಡಿಸುತ್ತಿದ್ದಳು. ನಾನು ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ಕಲ್ಯದ ಅಜ್ಜಿ ಇದ್ದಿದ್ದರೆ ನನ್ನ ತಲೆಗೆ ಮೊಟಕುತ್ತಿದ್ದರು.

ಮನೆಗೆ ಬಂದು ಚಿತ್ರವನ್ನು ಸರೋಜಳಿಗೆ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿದಳು. ತಾರಸಿಯ ಬಟ್ಟಲಿನಿಂದ ಟಿಕ್ಕೆಂದು ಸದ್ದು ಬಂತು. "ಫೋಟೊದಲ್ಲಿ ಬೆಳ್ಕು ಸರಿಯಿಲ್ಲ ಕಣ್ರೀ" ಎಂದು ಮೊಬೈಲು ವಾಪಸು ಕೊಟ್ಟಳು. ಸಂಜೆ ಮಾತ್ರ, ಯಾವ ಕಾರಣವನ್ನೂ ಹೇಳದೆ, ಸೆರಗಿನ ತುದಿಯಲ್ಲಿ ಒಂದು ಹಿಡಿ ಜೋಳ ಗಂಟು ಹಾಕಿಕೊಂಡು ಹಿಂದಿನ ಬೀದಿಯ ಕಡೆಗೆ ಹೊರಟಳು. ಕಿವಿಗೆ ಹೊಸ ಓಲೆ ಹಾಕಿಕೊಂಡಿದ್ದಳು.

ಆದುದರಿಂದ, ದಾಖಲೆಗಾಗಿ: ೨೦೨೪ ಫೆಬ್ರವರಿ ೧೧ರ ಛಾಯಾಚಿತ್ರದ ಪ್ರಕಾರ ಕಾಡಿಗೆಯ ಬಳೆಯ ಬಣ್ಣ ಕೆಂಪು. ನಮ್ಮ ಮನೆಯಲ್ಲಿರುವ ಕಾಡಿಗೆಯ ಬಳೆ ಹಳದಿ. ಎರಡನ್ನೂ ಖುದ್ದಾಗಿ ಪರಿಶೀಲಿಸಿದ್ದೇನೆ. ಎರಡೂ ಅಖಂಡವಾಗಿವೆ, ಎಲ್ಲಿಯೂ ಕತ್ತರಿಸಿದ ಗುರುತಿಲ್ಲ.